ಸರಕಾರಿ ಶಾಲೆಯನ್ನು ದೂರುವ ಮುನ್ನ

'ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠವೇ ಸರಿಯಿಲ್ಲ' ಎಂಬ ಮಾತು ನಮ್ಮ ಸಣ್ಣ ಪೇಟೆಗಳಲ್ಲಿ ಸಾಮಾನ್ಯ. ಪಾಠ ಕುಂದಿತೆಂದು ಮಕ್ಕಳು ಬಿಟ್ಟರೋ, ಮಕ್ಕಳು ಬಿಟ್ಟರೆಂದು ಪಾಠ ಕುಂದಿತೋ? 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಆರರಿಂದ ಎಂಟನೆಯ ತರಗತಿಗಳಲ್ಲಿ 35 ಮಕ್ಕಳಿಗೆ ಒಬ್ಬರಾದರೂ ಶಿಕ್ಷಕರಿರಬೇಕು. ಪೂರ್ಣಾವಧಿ ಮುಖ್ಯೋಪಾಧ್ಯಾಯರನ್ನು ಅದು ಕಡ್ಡಾಯಗೊಳಿಸುವುದು ಮಕ್ಕಳ ಸಂಖ್ಯೆ 100 ಮೀರಿದಾಗ ಮಾತ್ರ. ಚಿತ್ರಕಲೆ, ದೈಹಿಕ ಶಿಕ್ಷಣದ ಬೋಧಕರಿಗೂ ಅದೇ ಗೆರೆ. ಹೀಗಿರಲು, ನಾವು ಬಸ್ಸು ಹತ್ತಿಸಿ ಕಳುಹಿಸುವ ಮಕ್ಕಳ ಹಿಂದೆಯೇ ಇಲ್ಲಿಯ ಹುದ್ದೆಗಳೂ ಊರು ಬಿಡುತ್ತವೆ.

ಆಂಗ್ಲ ಮಾಧ್ಯಮದ ಆಸೆಯನ್ನು ತಪ್ಪೆನ್ನಲಾರೆ. ನನ್ನ ಮಕ್ಕಳೂ ಆ ಬಸ್ಸನ್ನೇ ಹತ್ತಿದವರು. ಸರಕಾರವೂ ಅದನ್ನು ಮನಗಂಡು 2019-20ರಲ್ಲಿ ರಾಜ್ಯದ 1,000 ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ತರಗತಿಗಳನ್ನು ತೆರೆಯಿತು. ಆದರೆ ಕಾಯಿದೆಯ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಅಲ್ಲಿ ಓದುವ ಮಕ್ಕಳ ಹೆತ್ತವರು, ಪೋಷಕರೇ ಆಗಿರಬೇಕು. ಗಣಿತ ಶಿಕ್ಷಕರು ಬೇಕೆಂದು ಅರ್ಜಿ ಬರೆದು ಕಚೇರಿಯ ಮೆಟ್ಟಿಲು ಹತ್ತಬಲ್ಲವರು ಮಕ್ಕಳೊಡನೆ ಹೊರನಡೆದ ಮೇಲೆ ಉಳಿಯುವವರು ಬಹುಪಾಲು ಕೂಲಿಯವರು. ದಿನದ ಸಂಬಳ ಬಿಟ್ಟು ಅವರು ಸಭೆಗೆ ಬರುವುದೆಂತು? ಅವರಲ್ಲಿ ನಮ್ಮದೇ ವಾಳೆಯ ಬಡ ಕುಟುಂಬಗಳೂ ಇವೆ. ಒಂದೇ ಮನೆಯವರು ಧೈರ್ಯ ಮಾಡಿದರೆ ಏನೂ ಆಗದು, ನಿಜ. ಮುಂದಿನ ಜೂನ್‌ನಲ್ಲಿ ಹತ್ತು ಮನೆಯವರು ಕೂಡಿ ಆರನೆಯ ತರಗತಿಗೆ ಮಕ್ಕಳನ್ನು ಇಲ್ಲಿಯೇ ಸೇರಿಸಬಾರದೇಕೆ?