ಅರವತ್ತು ಜನ, ಒಂದೇ ಪ್ರಶ್ನೆಪತ್ರಿಕೆ
ದೆಹಲಿಯ ಇಂದಿನ ರಾಜಕುಮಾರಿ ಅಮೃತ್ ಕೌರ್ ನರ್ಸಿಂಗ್ ಕಾಲೇಜು ಶುರುವಾದದ್ದು 1946ರಲ್ಲಿ; ದೇಶದ ಮೊದಲ ಸ್ನಾತಕೋತ್ತರ ನರ್ಸಿಂಗ್ ತರಗತಿ 1959ರಲ್ಲಿ ತೆರೆದದ್ದೂ ಅಲ್ಲೇ. ಈಗ ಬಿ.ಎಸ್‌ಸಿ. ನರ್ಸಿಂಗಿಗೂ ಸಂಶೋಧನೆ, ಸಂಖ್ಯಾಶಾಸ್ತ್ರ ಕಡ್ಡಾಯ. ಆದರೆ ದೆಹಲಿಯಾಗಲಿ ಬೆಂಗಳೂರಾಗಲಿ, ಎಷ್ಟೋ ಪ್ರಬಂಧಗಳ ಅಚ್ಚು ಒಂದೇ: 60 ಮಂದಿಗೆ ಪ್ರಶ್ನೆಪತ್ರಿಕೆ, ಆಮೇಲೆ ಪಾಠ, ವಾರ ಬಿಟ್ಟು ಅದೇ ಪ್ರಶ್ನೆಪತ್ರಿಕೆ. ಅಂಕ ಏರುತ್ತದೆ, ಫಲಿತಾಂಶ ಬರೀ ಆಕಸ್ಮಿಕವಲ್ಲ ಎನ್ನಲು ನೋಡುವ ಪಿ ಮೌಲ್ಯ 0.05ಕ್ಕಿಂತ ಕೆಳಗಿಳಿಯುತ್ತದೆ, ಗೈಡ್ ಸಹಿ ಬೀಳುತ್ತದೆ. ಹೇಳಿಕೊಟ್ಟದ್ದನ್ನೇ ಕೇಳಿದರೆ ಅಂಕ ಏರದೆ ಇನ್ನೇನು? ಹೋಲಿಸಿ ನೋಡಲು ಇನ್ನೊಂದು ಗುಂಪೇ ಇಲ್ಲದಾಗ, ಅದು ಪಾಠದ ಫಲವೋ, ಅದೇ ಪ್ರಶ್ನೆಯನ್ನು ಎರಡನೇ ಸಲ ಕಂಡ ಫಲವೋ? ಫ್ಲಾರೆನ್ಸ್ ನೈಟಿಂಗೇಲ್ ಎಣಿಸಿದ್ದು ಅಂಕಗಳನ್ನಲ್ಲ, ಸಾವುಗಳನ್ನು. ಭಾರತಕ್ಕೆ ಕಾಲಿಡದೆಯೇ, ಇಲ್ಲಿನ ದಂಡುಗಳಿಂದ ತರಿಸಿದ ಲೆಕ್ಕಪತ್ರ ಹರಡಿಕೊಂಡು, ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿರುವುದಕ್ಕೆ ಕೊಳಕು ನೀರು, ಕೆಟ್ಟ ಚರಂಡಿಗಳತ್ತ 1863ರಲ್ಲಿ ಬೆರಳು ತೋರಿಸಿದರು. ದೆಹಲಿಯ ದೊಡ್ಡ ವಾರ್ಡುಗಳಲ್ಲಿ ಎಣಿಸುವುದಕ್ಕೇನು ಬರವೇ? ಮಲಗಿದಲ್ಲೇ ಆಗುವ ಬೆನ್ನುಹುಣ್ಣು, ಕ್ಯಾನುಲಾ ಚುಚ್ಚಿದ ಕಡೆಯ ಬಾವು, ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸಿನ ಪಾಲಿಗೆ ಬೀಳುವ ಹಾಸಿಗೆಗಳು. ಇದಕ್ಕೆ ಪ್ರಶ್ನೆಪತ್ರಿಕೆಯೂ ಬೇಡ, ವಾರ್ಡಿನ ರಿಜಿಸ್ಟರ್ ಸಾಕು. ಅದನ್ನು ತೆರೆದು ನೋಡಲು ಮೇಲಿನವರು ಬಿಡಬೇಕಷ್ಟೆ.