ಭಾನುವಾರದ ಮೂರು ಗಂಟೆ



ಮನೆಯಲ್ಲಿ ಇಪ್ಪತ್ತು ದಿನದ ಕೂಸು ಅಳುತ್ತಿದೆ. ಬಾಣಂತಿ ರಾತ್ರಿಯೆಲ್ಲಾ ನಿದ್ದೆಗೆಟ್ಟು ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದಾಳೆ. ಅಂಥ ಹೊತ್ತಿನಲ್ಲಿ ಗಂಡನಾದವನು ಚರ್ಮದ ಕೈಗವಸೊಂದನ್ನು ಕಂಕುಳಿಗೆ ಸಿಕ್ಕಿಸಿಕೊಂಡು "ಆಟಕ್ಕೆ ಹೋಗಿ ಬರ್ತೀನಿ" ಅಂತ ಹೊರಟರೆ ನಿಮಗೆ ಏನನ್ನಿಸುತ್ತೆ? ನನಗಂತೂ ಮೈಯೆಲ್ಲಾ ಉರಿದುಹೋಯಿತು.

ಇದು 2023ರ ಬೇಸಿಗೆಯ ಮಾತು. ತಂಗಿಯ ಬಾಣಂತನಕ್ಕೆಂದು ನ್ಯೂಯಾರ್ಕಿಗೆ ಹೋಗಿದ್ದೆ. ಮೆಂತ್ಯದ ಹಿಟ್ಟು, ಅಂಟಿನುಂಡೆ, ಸಾಂಬ್ರಾಣಿ ಎಲ್ಲಾ ಕಟ್ಟಿಕೊಂಡು ಹೋಗಿದ್ದೆ. ಸಾಂಬ್ರಾಣಿ ಹೊಗೆಗೆ ಅವರ ಮನೆಯ ಸೂರಿನಲ್ಲಿದ್ದ ಗಂಟೆ ಕಿರುಚಿಕೊಂಡು ಇಡೀ ಕಟ್ಟಡದ ಜನ ಓಡಿಬಂದದ್ದು ಬೇರೆ ಕತೆ. ಅದನ್ನು ಇನ್ನೊಮ್ಮೆ ಹೇಳುತ್ತೇನೆ.

ತಂಗಿಯ ಯಜಮಾನರು ಕೆಟ್ಟವರಲ್ಲ. ಪಾತ್ರೆ ತೊಳೆಯುತ್ತಾರೆ, ಮಗುವಿನ ಬಟ್ಟೆ ಬದಲಿಸುತ್ತಾರೆ. ಆದರೆ ಭಾನುವಾರ ಬೆಳಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಮಾತ್ರ ಅವರು ಯಾರಿಗೂ ಸಿಗುವುದಿಲ್ಲ. ಸೆಂಟ್ರಲ್ ಪಾರ್ಕಿನಲ್ಲಿ ಬೇಸ್‌ಬಾಲ್! ಹೆರಿಗೆಯಾದ ಮೇಲೆ ಎರಡು ಭಾನುವಾರ ತಪ್ಪಿಸಿಕೊಂಡಿದ್ದರು. ಮೂರನೆಯದಕ್ಕೆ ಹೊರಟೇಬಿಟ್ಟರು. ತಂಗಿ ಗೋಡೆ ಕಡೆ ತಿರುಗಿ ಮಲಗಿದಳು. "ನೋಡು ಅಕ್ಕ, ನಾನು ಹೊಸಿಲು ದಾಟಿ ಇಪ್ಪತ್ತು ದಿನ ಆಯ್ತು. ಅವರಿಗೆ ಮಾತ್ರ ಆಟ ತಪ್ಪಬಾರದು" ಅಂದಳು. ನಾನು ಏನು ಹೇಳಲಿ?

ಮುಂದಿನ ಭಾನುವಾರ ಪಕ್ಕದ ಮನೆಯ ತೆಲುಗಿನಾಕೆಯನ್ನು ತಂಗಿಯ ಬಳಿ ಕೂರಿಸಿ, "ನಡೀರಿ, ನಾನೂ ಬರ್ತೀನಿ. ಅದೇನು ಆಟವೋ ನೋಡೇಬಿಡೋಣ" ಅಂದೆ. ಜಗಳವಾಡುವ ಉದ್ದೇಶದಿಂದಲೇ ಹೋದೆ ಅನ್ನಿ. ಬರಿಗೈಲಿ ಹೋಗಬಾರದೆಂದು ಒಂದು ಡಬ್ಬಿ ಕೋಡುಬಳೆ ಮಾತ್ರ ಕೈಯಲ್ಲಿತ್ತು.

ಸೆಂಟ್ರಲ್ ಪಾರ್ಕ್ ಎಂದರೆ ಸುಮ್ಮನೆ ಅಲ್ಲ. 843 ಎಕರೆ! ನಮ್ಮ ಲಾಲ್‌ಬಾಗಿನ ಮೂರೂವರೆಯಷ್ಟು. ಸುತ್ತ ಮುಗಿಲು ಮುಟ್ಟುವ ಕಟ್ಟಡಗಳು, ನಡುವೆ ಈ ಹಸಿರು. ಅದರ ದಕ್ಷಿಣದ ತುದಿಯಲ್ಲಿ ಹೆಕ್ಷರ್ ಮೈದಾನಗಳಿವೆ. ಉದ್ಯಾನ ಇಲಾಖೆಯ ಪರವಾನಗಿ ಪಡೆದೇ ಅಲ್ಲಿ ಆಡಬೇಕು. ನಾಟಕಮಂದಿರಗಳ ನಟರು, ತೆರೆಯ ಹಿಂದೆ ದುಡಿಯುವವರು ಕೂಡ ತಂಡ ಕಟ್ಟಿಕೊಂಡು ಅಲ್ಲಿ ಆಡುತ್ತಾರೆ.

ಇವರದು ನಿಜವಾಗಿ ಬೇಸ್‌ಬಾಲಿನ ತಂಗಿಯಂಥ ಆಟ, ಸಾಫ್ಟ್‌ಬಾಲ್. ಚೆಂಡು ದೊಡ್ಡದು, ಸುತ್ತಳತೆ 12 ಅಂಗುಲ. ಕೈ ಕೆಳಗಿನಿಂದ ಬೀಸಿ ಎಸೆಯುತ್ತಾರೆ. 1887ರಲ್ಲಿ ಶಿಕಾಗೋದ ಒಂದು ಕ್ಲಬ್ಬಿನೊಳಗೆ ಕೆಲವರು ಕೈಗವಸನ್ನು ಚೆಂಡಿನಂತೆ ಕಟ್ಟಿ, ಪೊರಕೆಯ ಹಿಡಿಯಿಂದ ಹೊಡೆದು ಈ ಆಟ ಶುರುಮಾಡಿದರಂತೆ. ಪೊರಕೆಗೆ ಇಂಥ ಉಪಯೋಗವೂ ಉಂಟೆಂದು ನಮಗೆ ಇಷ್ಟು ದಿನ ಹೊಳೆಯಲಿಲ್ಲ ನೋಡಿ!

ಕ್ರಿಕೆಟ್ ನೋಡಿದವರಿಗೆ ಆಟ ಅರ್ಥವಾಗುವುದು ಕಷ್ಟವೇನಲ್ಲ. ನೆಲದ ಮೇಲೆ ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿದಂತೆ ನಾಲ್ಕು ಮನೆ. ಹೊಡೆದವನು ಬ್ಯಾಟನ್ನು ಅಲ್ಲೇ ಬಿಸಾಡಿ ಓಡಬೇಕು. ನಾಲ್ಕೂ ಮನೆ ಮುಟ್ಟಿ ಬಂದರೆ ಒಂದು ರನ್. ಒಳ್ಳೆಯ ಎಸೆತಕ್ಕೆ ಮೂರು ಸಲ ತಪ್ಪಿದರೆ ಔಟ್. ಒಂದು ಕಡೆಯವರು ಮೂರು ಮಂದಿ ಔಟಾದರೆ ಇನ್ನೊಂದು ಕಡೆಯವರ ಸರದಿ. ಹೊಡೆದು ಓಡಿ ಮತ್ತೆ ತನ್ನ ಮನೆಗೇ ಬರುವುದು ಈ ಆಟದ ಗುಟ್ಟು. ನಮ್ಮ ಹೆಂಗಸರ ಬಾಳಿನ ಹಾಗೇ ಅನ್ನಿಸಿತು. ಎಲ್ಲಿ ಹೋದರೂ ಹಾಲುಕ್ಕುವ ಹೊತ್ತಿಗೆ ಮನೆಯಲ್ಲಿರಬೇಕು!

ನನ್ನ ಕಣ್ಣು ನಿಂತದ್ದು ಆಟದ ಮೇಲಲ್ಲ, ಒಬ್ಬ ಮುದುಕರ ಮೇಲೆ. ಎಂಬತ್ತರ ಹತ್ತಿರದವರು, ಅಂಚೆ ಹಂಚಿ ನಿವೃತ್ತರಾದವರಂತೆ. ಆಡಲು ಕಾಲು ಬಾರದು. ಬೆಂಚಿನ ಮೇಲೆ ಕೂತು ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬಂದವರ ಹೆಸರು ಬರೆದು, ಬಲ್ಲವರೂ ಬಾರದವರೂ ಸಮನಾಗುವಂತೆ ಎರಡು ಪಂಗಡ ಮಾಡುವುದೇ ಅವರ ಕೆಲಸ. ನಾನು ಮನಸ್ಸಿನಲ್ಲೇ "ಪಟ್ಟಿ ತಾತ" ಎಂದು ಹೆಸರಿಟ್ಟೆ. ಆ ದಿನ ಟ್ಯಾಕ್ಸಿ ಓಡಿಸುವವರೊಬ್ಬರು ಬಂದಿರಲಿಲ್ಲ. ತಾತ ಎರಡು ಸಲ ದಾರಿ ನೋಡಿದರು. ಆಮೇಲೆ ಆಟ ನಿಲ್ಲಿಸಿ ಫೋನ್ ಮಾಡಿಸಿದರು. ಆತನಿಗೆ ಜ್ವರ. ಆಟ ಮುಗಿದ ಮೇಲೆ ಇಬ್ಬರು ಸೂಪು ಕಟ್ಟಿಸಿಕೊಂಡು ಆತನ ಮನೆಗೆ ಹೋದರು.

ಹಿಂತಿರುಗುವಾಗ ರೈಲಿನಲ್ಲಿ ತಂಗಿಯ ಯಜಮಾನರು ತಾವಾಗಿಯೇ ಬಾಯಿಬಿಟ್ಟರು. "ಅಕ್ಕ, ಈ ಊರಿಗೆ ಬಂದ ಹೊಸತರಲ್ಲಿ ಎಂಟು ತಿಂಗಳು ಆಫೀಸು ಬಿಟ್ಟರೆ ನನ್ನ ಹೆಸರು ಹಿಡಿದು ಕರೆಯೋರೇ ಇರಲಿಲ್ಲ. ಒಂದು ದಿನ ಬೇಲಿ ಹತ್ತಿರ ನಿಂತು ನೋಡ್ತಿದ್ದೆ. ತಾತ ಕರೆದು ಹೆಸರು ಕೇಳಿ ಪಟ್ಟಿಯಲ್ಲಿ ಬರೆದುಕೊಂಡ್ರು. ಅವತ್ತಿಂದ ನಾನು ಬರದಿದ್ರೆ ಕೇಳೋರು ಒಬ್ಬರು ಇದ್ದಾರೆ."

ನನ್ನ ಸಿಟ್ಟು ಅರ್ಧ ಇಳಿಯಿತು. ಅರ್ಧ ಮಾತ್ರ! "ಸಂತೋಷ ಕಣಪ್ಪ. ನಿಮ್ಮ ಹೆಸರು ಒಂದು ಪಟ್ಟಿಯಲ್ಲಿದೆ. ನನ್ನ ತಂಗಿಯ ಹೆಸರು ಯಾವ ಪಟ್ಟಿಯಲ್ಲಿದೆ?" ಅಂದೆ. ಅವರು ಮುಂದಿನ ನಾಲ್ಕು ಸ್ಟೇಷನ್ ಮಾತಾಡಲಿಲ್ಲ.

ಹೇಳಿದರೆ ನಂಬಿ, ಆ ಆಟದಲ್ಲಿ ಮೂವರು ಹೆಂಗಸರೂ ಇದ್ದರು. ಒಬ್ಬಾಕೆ ನರ್ಸು, ರಾತ್ರಿ ಪಾಳಿ ಮುಗಿಸಿ ನೇರ ಮೈದಾನಕ್ಕೆ ಬಂದಿದ್ದಳು. ಆ ದೇಶದಲ್ಲೂ ಹೆಣ್ಣುಮಕ್ಕಳಿಗೆ ಇದು ಸುಲಭವಾಗಿ ದಕ್ಕಿದ್ದಲ್ಲ. ಯುದ್ಧಕಾಲದಲ್ಲಿ ಗಂಡಸರು ಸೇನೆಗೆ ಹೋದಾಗ, 1943ರಲ್ಲಿ, ಚೂಯಿಂಗ್ ಗಮ್ ಕಂಪನಿಯ ಫಿಲಿಪ್ ರಿಗ್ಲಿ ಎಂಬವರು ಹೆಂಗಸರದೇ ಬೇಸ್‌ಬಾಲ್ ಲೀಗ್ ಶುರುಮಾಡಿದರು. ಚಡ್ಡಿಯಲ್ಲ, ಗಿಡ್ಡ ಲಂಗ ತೊಟ್ಟೇ ಆಡಬೇಕು. ಜಾರಿ ಬಿದ್ದರೆ ತೊಡೆಯ ಚರ್ಮ ಸುಲಿಯುತ್ತಿತ್ತು. ಸಾಲದ್ದಕ್ಕೆ ನಯ ನಾಜೂಕಿನ ಪಾಠ ಬೇರೆ! 600ಕ್ಕೂ ಹೆಚ್ಚು ಮಂದಿ ಆಡಿದರು. 1954ಕ್ಕೆ ಅದು ನಿಂತೇಹೋಯಿತು. ಆಮೇಲೆ ಬಹುಕಾಲ ಜನ ಅವರನ್ನು ಮರೆತೇಬಿಟ್ಟಿದ್ದರು. 1992ರಲ್ಲಿ ಅವರ ಕತೆ ಸಿನಿಮಾ ಆಗಿ ಬಂದ ಮೇಲೆ ಮತ್ತೆ ನೆನಪಾಯಿತು.

ಇನ್ನು ತಂಗಿಯ ವಿಷಯ. ಇಬ್ಬರೂ ಕೂತು ಮಾತಾಡಿದರು. ನಾನು ಅಡುಗೆಮನೆಯಲ್ಲೇ ಉಳಿದೆ. ಮಗುವಿಗೆ ಮೂರು ತಿಂಗಳು ತುಂಬಿ, ಡಾಕ್ಟರು ಸರಿ ಅಂದ ಮೇಲೆ, ಒಂದು ಭಾನುವಾರ ಅವರದು, ಇನ್ನೊಂದು ಅವಳದು ಎಂದು ತೀರ್ಮಾನವಾಯಿತು. ಜುಲೈ ಕೊನೆಯ ಭಾನುವಾರ ತಂಗಿ ಗಂಡನ ಕೈಗವಸನ್ನೇ ತೊಟ್ಟು ದೂರದ ಬಲ ಮೂಲೆಯಲ್ಲಿ ನಿಂತಳು. ಹೈಸ್ಕೂಲಿನಲ್ಲಿ ಥ್ರೋಬಾಲ್ ಟೀಮಿನಲ್ಲಿದ್ದವಳು. ಹದಿನೇಳು ವರ್ಷ ಚೆಂಡು ಮುಟ್ಟಿರಲಿಲ್ಲ. ಬಂದ ಮೊದಲ ಚೆಂಡು ಕೈತಪ್ಪಿ ಬಿತ್ತು. ಎರಡನೆಯದೂ ಬಿತ್ತು. ಯಾರೂ ನಗಲಿಲ್ಲ. ಮಗುವಿನ ಗಾಡಿ ಹಿಡಿದು ಬೇಲಿ ಪಕ್ಕ ನಿಂತಿದ್ದ ಗಂಡ "ಪರವಾಗಿಲ್ಲ, ಬಿಡು" ಅಂತ ಕನ್ನಡದಲ್ಲೇ ಕೂಗಿದರು. ಮೂರನೆಯದನ್ನೂ ಅವಳು ಹಿಡಿಯಲಿಲ್ಲ, ಆದರೆ ಓಡಿಹೋಗಿ ಎತ್ತಿ ಎಸೆದಳು ನೋಡಿ! ಅವಳ ಮುಖದಲ್ಲಿ ಆ ನಗು ಕಂಡು ಎಷ್ಟೋ ದಿನವಾಗಿತ್ತು. ಆಟ ಮುಗಿದ ಮೇಲೆ ಪಟ್ಟಿ ತಾತ ಮುಂದಿನ ಹಾಳೆ ತಿರುಗಿಸಿ ಅವಳ ಹೆಸರು ಹೇಗೆ ಬರೆಯಬೇಕೆಂದು ಒಂದೊಂದೇ ಅಕ್ಷರ ಕೇಳಿ ಬರೆದುಕೊಂಡರು.

ಊರಿಗೆ ಬಂದ ಮೇಲೆ ನನಗೂ ಅದೇ ಯೋಚನೆ. ನಮ್ಮವರಿಗೆ ಸಂಜೆ ವಾಕಿಂಗಿನ ಗೆಳೆಯರಿದ್ದಾರೆ. ನಾನು ಒಂದು ದಿನ ಕಾಣದಿದ್ದರೆ ಕಾಫಿಯನ್ನು ಬಿಟ್ಟು ಬೇರೆ ಯಾತಕ್ಕಾದರೂ ಯಾರಾದರೂ ಹುಡುಕುತ್ತಾರೆಯೇ? ಅಟ್ಟದಿಂದ ಟೆನಿಕಾಯ್ಟ್ ಆಡುವ ರಬ್ಬರ್ ರಿಂಗು ಇಳಿಸಿದೆ. ಈಗ ಶನಿವಾರ ಸಂಜೆ ಐದರಿಂದ ಆರು, ಬಡಾವಣೆಯ ಪಾರ್ಕಿನಲ್ಲಿ ನಾವು ಆರು ಜನ. ಒಬ್ಬರಿಗೆ ಮಂಡಿನೋವು, ಅವರು ಕೂತು ಪಟ್ಟಿ ಬರೆಯುತ್ತಾರೆ.

ನೀವೂ ಮಾಡಿ ನೋಡಿ. ಆಟ ಯಾವುದಾದರೂ ಆಗಲಿ, ದಿನ ಮತ್ತು ಹೊತ್ತು ಮಾತ್ರ ಬದಲಾಗಬಾರದು. ಮನೆಯವರಿಗೆ ಮೊದಲೇ ಹೇಳಿಬಿಡಿ. ಬಾರದವರ ಮನೆಗೆ ಹೋಗಿ ವಿಚಾರಿಸಿ. ಅದು ಆಟಕ್ಕಿಂತ ಮುಖ್ಯ.

ಅಂದಹಾಗೆ, ಅವರೆಲ್ಲಾ ಬೆರಳಿಗೆ ಉಂಗುರದಂತೆ ಹಾಕಿಕೊಂಡು ತಿಂದ ಕೋಡುಬಳೆ ಹೀಗೆ: ಎರಡು ಲೋಟ ಅಕ್ಕಿಹಿಟ್ಟಿಗೆ ಅರ್ಧ ಲೋಟ ಚಿರೋಟಿ ರವೆ, ಅರ್ಧ ಲೋಟ ಹುರಿಗಡಲೆ ಹಿಟ್ಟು, ಸ್ವಲ್ಪ ಕೊಬ್ಬರಿ ತುರಿ, ಅಚ್ಚಖಾರದ ಪುಡಿ, ಇಂಗು, ಉಪ್ಪು ಸೇರಿಸಿ. ನಾಲ್ಕು ಚಮಚ ಕಾದ ಎಣ್ಣೆ ಹಾಕಿ, ನೀರು ಚಿಮುಕಿಸುತ್ತಾ ಗಟ್ಟಿಯಾಗಿ ಕಲಸಿ, ಹೊಸೆದು ಬಳೆ ಮಾಡಿ. ಸಣ್ಣ ಉರಿಯಲ್ಲೇ ಕರಿಯಿರಿ. ಅವಸರ ಮಾಡಿದರೆ ಒಳಗೆ ಮೆತ್ತಗೇ ಉಳಿಯುತ್ತದೆ.

ಬರಲೇ? ಇವತ್ತು ಶನಿವಾರ. ಐದಕ್ಕೆ ಹತ್ತು ನಿಮಿಷವಿದೆ.