ಭತ್ತ ಒಣಗಿಸುವ ಹುಳುಗಳೆಲ್ಲ ಒಂದೇನಾ? ಜಿಗಿಹುಳು ಮತ್ತು ಕಾಂಡ ಕೊರಕದ ವ್ಯತ್ಯಾಸ ತಿಳಿಯಿರಿ

ಭತ್ತ ತೆನೆ ಬಿಡುವ ಹೊತ್ತಿಗೆ ವಾಟ್ಸಾಪ್ ಗುಂಪುಗಳಲ್ಲಿ ಒಣಗಿದ ಗದ್ದೆಯ ಫೋಟೋ ಜೊತೆ ‘ಹುಳ ಬಿದ್ದಿದೆ, ಈ ಔಷಧಿ ಹೊಡೆಯಿರಿ, ಎಲ್ಲಾ ಹುಳ ಸಾಯುತ್ತೆ’ ಎಂಬಂಥ ಸಂದೇಶಗಳು ಹರಿದಾಡುತ್ತವೆ. ಯಾವ ಹುಳ ಎಂಬುದನ್ನು ಮಾತ್ರ ಹೇಳುವುದಿಲ್ಲ. ಕನ್ನಡದಲ್ಲಿ ನಾವು ಎಲ್ಲವನ್ನೂ ‘ಹುಳ’ ಎಂದೇ ಕರೆಯುವುದರಿಂದ ಗೊಂದಲ ಇನ್ನೂ ಹೆಚ್ಚು. ಹಾಗಾಗಿ ಭತ್ತದ ಎರಡು ಪ್ರಮುಖ ಕೀಟಗಳನ್ನು ಇಲ್ಲಿ ಹೋಲಿಸಿದ್ದೇವೆ.

ಕಂದು ಜಿಗಿಹುಳು

ಇದು ತಿಗಣೆಯ ವರ್ಗಕ್ಕೆ ಸೇರಿದ, ಸುಮಾರು 3ರಿಂದ 4 ಮಿಲಿಮೀಟರ್ ಉದ್ದದ ಕೀಟ. ನೀರಿನ ಮಟ್ಟಕ್ಕೆ ಹತ್ತಿರ, ಪೈರಿನ ಬುಡದಲ್ಲಿ ಗುಂಪಾಗಿ ಕೂತಿರುತ್ತದೆ. ಮರಿ, ಪ್ರೌಢ ಕೀಟ ಎರಡೂ ಸೂಜಿಯಂಥ ಬಾಯಿಯಿಂದ ರಸ ಹೀರುತ್ತವೆ. ಸಂಖ್ಯೆ ಹೆಚ್ಚಾದಾಗ ಗದ್ದೆಯ ನಡುವೆ ಅಲ್ಲಲ್ಲಿ ಸುತ್ತಾಕಾರದಲ್ಲಿ ಪೈರು ಸುಟ್ಟಂತೆ ಒಣಗುತ್ತದೆ.

ಹಳದಿ ಕಾಂಡ ಕೊರಕ

ಇದು ಪತಂಗ. ಹೆಣ್ಣು ಪತಂಗದ ಹಳದಿ ಮುಂರೆಕ್ಕೆಗಳ ಮೇಲೆ ಒಂದೊಂದು ಕಪ್ಪು ಚುಕ್ಕೆ ಇರುತ್ತದೆ. ಹಾನಿ ಮಾಡುವುದು ಪತಂಗವಲ್ಲ, ಅದರ ಮರಿಹುಳು. ಅದು ಕಾಂಡದೊಳಗೆ ಸೇರಿ ತಿರುಳು ತಿನ್ನುತ್ತದೆ. ಎಳೆ ಪೈರಿನಲ್ಲಿ ಸುಳಿ ಒಣಗುತ್ತದೆ, ತೆನೆ ಬಂದ ಮೇಲೆ ಬಿಳಿ ಜೊಳ್ಳು ತೆನೆಯಾಗುತ್ತದೆ. ಎಳೆದರೆ ಸಲೀಸಾಗಿ ಕಿತ್ತು ಬರುತ್ತದೆ.

ತಪ್ಪು ಔಷಧಿಯಿಂದ ಆಗುವುದೇನು?

ತೆನೆ ಬೆಳ್ಳಗಾದ ಮೇಲೆ ಏನು ಹೊಡೆದರೂ ಆ ತೆನೆಯಲ್ಲಿ ಕಾಳು ಕಟ್ಟುವುದಿಲ್ಲ, ದುಡ್ಡು ದಂಡ. ಜಿಗಿಹುಳುವಿನ ವಿಷಯದಲ್ಲಿ ತೊಂದರೆ ಇನ್ನೂ ದೊಡ್ಡದು. ಸಿಂಥೆಟಿಕ್ ಪೈರೆಥ್ರಾಯ್ಡ್‌ನಂಥ ಕೆಲವು ಕೀಟನಾಶಕಗಳು ಜಿಗಿಹುಳುವನ್ನು ತಿನ್ನುವ ಜೇಡ, ಮಿರಿಡ್ ತಿಗಣೆಗಳನ್ನೂ ಕೊಲ್ಲುತ್ತವೆ. ಶತ್ರುಗಳಿಲ್ಲದ ಗದ್ದೆಯಲ್ಲಿ ಜಿಗಿಹುಳು ಮತ್ತೆ ಇನ್ನೂ ಹೆಚ್ಚಾಗಿ ಏಳುತ್ತದೆ. ಇದೇ ಕಾರಣಕ್ಕೆ ಇಂಡೋನೇಷ್ಯಾ ಸರ್ಕಾರ 1986ರಲ್ಲಿ ಭತ್ತಕ್ಕೆ 57 ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿತ್ತು. ಪೈರು ಹಸಿರಾಗಲಿ ಎಂದು ಯೂರಿಯಾ ಹೆಚ್ಚು ಹಾಕಿದರೂ ಜಿಗಿಹುಳುವಿಗೇ ಅನುಕೂಲ.

ಹಾಗಾದರೆ ಏನು ಮಾಡಬೇಕು?

ಮೊದಲು ಗದ್ದೆಗೆ ಇಳಿದು ಪೈರಿನ ಬುಡ ಬಿಡಿಸಿ ನೋಡಿ. ಜಿಗಿಹುಳು ಕಂಡರೆ ನೀರು ಬಸಿದು, ಸಾಲುಗಳ ನಡುವೆ ಗಾಳಿ ಬೆಳಕು ಆಡುವಂತೆ ಮಾಡಿ. ಕಾಂಡ ಕೊರಕಕ್ಕೆ ಮೋಹಕ ಬಲೆ, ಮೊಟ್ಟೆಗಳನ್ನು ನಾಶಮಾಡುವ ಟ್ರೈಕೊಗ್ರಾಮಾ ಪರತಂತ್ರ ಜೀವಿ ಇವೆ, ಆದರೆ ಹುಳು ಕಾಂಡ ಹೊಗುವ ಮುನ್ನವೇ ಬಳಸಬೇಕು. ಔಷಧಿ ಬೇಕೇ ಬೇಕಾದರೆ ಕೀಟ ಕಂಡ ಪೈರನ್ನೇ ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು ತೋರಿಸಿ ಕೇಳಿ.

ಕೀಟದ ಹೆಸರೇ ಇಲ್ಲದ ಔಷಧಿ ಸಲಹೆ ಬಂದರೆ, ದಯವಿಟ್ಟು ಫಾರ್ವರ್ಡ್ ಮಾಡಬೇಡಿ.